ಕೊಡುಗೈಯ ಹಿಂದಿನ ಲೆಕ್ಕ

ನಮ್ಮ ಪ್ರಯೋಗಶಾಲೆಯ ಕಂಪ್ಯೂಟರುಗಳು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಿಂದ ನಡೆಯುತ್ತವೆ. ಅದಕ್ಕೆ ನಾವು ಕಾಸನ್ನೂ ಕೊಟ್ಟಿಲ್ಲ. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಇಂಥದನ್ನೇ ಮುಕ್ತ ತಂತ್ರಾಂಶವೆನ್ನುವರು. ಅದನ್ನು ಬರೆಯುವವರಲ್ಲಿ ಹೆಚ್ಚಿನವರು ದೊಡ್ಡ ಕಂಪೆನಿಗಳ ಸಂಬಳಗಾರರೆಂದು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಯೊಬ್ಬನು, "ಹಾಗಾದರೆ ನಾಳೆ ಕಿತ್ತುಕೊಂಡರೇನು ಗತಿ, ಸಾರ್?" ಎಂದು ಕೇಳಿದನು. ಗಂಟೆ ಹೊಡೆದುದರಿಂದ ನಾನು ಬಚಾವಾದೆ. ಪ್ರಶ್ನೆ ಮಾತ್ರ ಉಳಿಯಿತು.

ಲಿನಕ್ಸಿನ ತಿರುಳನ್ನು 1991ರಲ್ಲಿ ರಚಿಸಿದವರು ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್. 2000ದ ಡಿಸೆಂಬರಿನಲ್ಲಿ ಐ.ಬಿ.ಎಂ. ಕಂಪೆನಿಯು, ಮುಂದಿನ ವರ್ಷ ಲಿನಕ್ಸಿಗಾಗಿ ನೂರು ಕೋಟಿ ಡಾಲರುಗಳನ್ನು ವೆಚ್ಚಮಾಡುವುದಾಗಿ ಸಾರಿತು. ಇದು ದಾನವೆ? ಲೇಖನಿ ಮಾರುವವನಿಗೆ ಮಸಿ ಅಗ್ಗವಾದಷ್ಟೂ ಹಿತ. ಮಸಿಗೆ ಉಳಿದ ಹಣದಿಂದ ಗಿರಾಕಿಯು ಒಳ್ಳೆಯ ಲೇಖನಿಯನ್ನೇ ಕೊಳ್ಳುವನು. ಐ.ಬಿ.ಎಂ. ಮಾರುತ್ತಿದ್ದುದು ಯಂತ್ರಗಳನ್ನು, ಅವುಗಳನ್ನು ನಡೆಸಿಕೊಡುವ ಸೇವೆಯನ್ನು. ಕಾರ್ಯಾಚರಣ ವ್ಯವಸ್ಥೆಯು ಪುಕ್ಕಟೆಯಾದರೆ ಅದನ್ನೇ ಮಾರಿ ಬಾಳುವ ಎದುರಾಳಿ ಮೈಕ್ರೋಸಾಫ್ಟಿನ ಬುಡವೂ ಅಲುಗುವುದು. ಇನ್ನೊಂದು ಉಳಿತಾಯವೂ ಇದ್ದಿತು: ತನ್ನ ಬಗೆಬಗೆಯ ಯಂತ್ರಗಳಿಗೆಲ್ಲ ಒಂದೇ ವ್ಯವಸ್ಥೆ ಒಗ್ಗಿದರೆ, ಅದರ ದುರಸ್ತಿಯ ಭಾರವನ್ನು ಹೊರಗಿನವರೂ ಹೊರುವರು.

ಆ ಮೈಕ್ರೋಸಾಫ್ಟಿನ ಮುಖ್ಯಾಧಿಕಾರಿ ಸ್ಟೀವ್ ಬಾಮರ್ 2001ರಲ್ಲಿ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದ್ದರು. 2018ರಲ್ಲಿ ಅದೇ ಕಂಪೆನಿಯು ಮುಕ್ತ ತಂತ್ರಾಂಶದ ದೊಡ್ಡ ಉಗ್ರಾಣವಾದ ಗಿಟ್‌ಹಬ್ಬನ್ನು 750 ಕೋಟಿ ಡಾಲರಿಗೆ ಕೊಂಡಿತು. ಅಷ್ಟರಲ್ಲಿ ಅದು ಕಂಪ್ಯೂಟರುಗಳನ್ನು ದೂರದಿಂದಲೇ ಬಾಡಿಗೆಗೆ ಕೊಟ್ಟು ಗಳಿಸತೊಡಗಿದ್ದಿತು. ಆ ಬಾಡಿಗೆದಾರರಿಗೆ ಲಿನಕ್ಸ್ ಬೇಕಾಗಿದ್ದಿತು!

ಇದನ್ನು ನಾನು ಕಪಟವೆನ್ನಲಾರೆ. ಸ್ವಾರ್ಥಕ್ಕಾಗಿ ತೋಡಿದ ಬಾವಿಯ ನೀರೂ ಬಾಯಾರಿಕೆಯನ್ನು ತಣಿಸುವುದು. ನನ್ನ ಆತಂಕ ಬೇರೆ: ಸ್ವಾರ್ಥವು ಕೈದೀಪದಂತೆ ತಾನು ನಡೆಯುವ ದಾರಿಗಷ್ಟೇ ಬೆಳಕು ಚೆಲ್ಲುವುದು. ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶವು ಜಾಲದಲ್ಲಿ ನಾವು ನಡೆಸುವ ವ್ಯವಹಾರವನ್ನು ಗುಟ್ಟಾಗಿಡುವುದು. ಲಕ್ಷಾಂತರ ತಾಣಗಳು ಅದನ್ನು ನಂಬಿದ್ದುವು. ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯಷ್ಟು ಜನ. 2012ರಿಂದ ಅದರಲ್ಲಿ ಅಡಗಿದ್ದ ಹಾರ್ಟ್‌ಬ್ಲೀಡ್ ಎಂಬ ಬಿರುಕು 2014ರ ಏಪ್ರಿಲಿನಲ್ಲಿ ಹೊರಬಿದ್ದಿತು. ಗುಪ್ತಪದಗಳು ಕೂಡ ಸೋರಿಹೋಗುವಂಥ ಬಿರುಕು ಅದು. ದೊಡ್ಡ ಕಂಪೆನಿಗಳು ಲಿನಕ್ಸ್ ಫೌಂಡೇಶನ್ನಿನ ಮೂಲಕ ನಿಧಿ ಕೂಡಿಸಲು ಹೊರಟುದು ಆ ಮೇಲೆ. ಅಷ್ಟು ವರ್ಷ ಅದರ ಫಲವನ್ನುಂಡವರಿಗೆ ಇದು ಶೋಭೆಯಲ್ಲ.

ಇನ್ನು ಕಿತ್ತುಕೊಳ್ಳುವ ಮಾತು. 2023ರ ಆಗಸ್ಟಿನಲ್ಲಿ ಹ್ಯಾಶಿಕಾರ್ಪ್ ಕಂಪೆನಿಯು ತನ್ನ ಟೆರಾಫಾರ್ಮ್ ತಂತ್ರಾಂಶದ ಪರವಾನಗಿಯನ್ನು ಬಿಗಿಗೊಳಿಸಿತು. ಹಕ್ಕು ಅದರ ಕೈಯಲ್ಲಿದ್ದುದರಿಂದ ಇದು ಸಾಧ್ಯವಾಯಿತು. ಆದರೆ ಅದುವರೆಗೆ ಹೊರಬಂದಿದ್ದ ಮುಕ್ತ ಪ್ರತಿಯನ್ನು ಹಿಂತೆಗೆಯಲಾಗಲಿಲ್ಲ. ಇತರರು ಅದನ್ನೇ ಎತ್ತಿಕೊಂಡು ಓಪನ್‌ಟೋಫು ಎಂಬ ಹೆಸರಿನಲ್ಲಿ ಬೆಳೆಸಿದರು. ಲಿನಕ್ಸಿನ ಹಕ್ಕಾದರೋ ಸಾವಿರಾರು ಜನರಲ್ಲಿ ಹಂಚಿಹೋಗಿದೆ. 1992ರಿಂದ ಅದಕ್ಕಿರುವ ಜಿ.ಪಿ.ಎಲ್. ಎಂಬ ಪರವಾನಗಿಯ ಪ್ರಕಾರ, ತಿದ್ದಿದ ಪ್ರತಿಯನ್ನು ಹಂಚುವವನು ಮೂಲಪಾಠವನ್ನೂ ಕೊಡಬೇಕು. ಐ.ಬಿ.ಎಂ. ನಾಳೆ ಮನಸ್ಸು ಬದಲಾಯಿಸಿದರೂ ಕೊಟ್ಟುದು ಕೊಟ್ಟಂತೆಯೆ.

ಲಿನಕ್ಸಿನ ಮೂಲಪಾಠದ ಜೊತೆಗೆ 'ಕಾಪಿಯಿಂಗ್' ಎಂಬ ಚಿಕ್ಕ ಕಡತವೊಂದಿದೆ. ಯಾವ ಪರವಾನಗಿಯೆಂಬುದನ್ನು ತಿಳಿಸುವುದು ಅದೇ. ಮುಂದಿನ ಪ್ರಯೋಗದ ದಿನ ಲೋಲಕವನ್ನು ತೂಗುವ ಮೊದಲು ಆ ಹುಡುಗನಿಗೆ ಅದನ್ನು ತೆರೆದು ತೋರಿಸಬೇಕೆಂದಿದ್ದೇನೆ.