ಶಾಲೆಗೆ ಬಂದ ಪೊಲೀಸರು ಹೋದ ಮೇಲೆ



ಪ್ರತಿವರ್ಷ ಜೂನ್ 26 ಬಂತೆಂದರೆ ನಮ್ಮ ಶಾಲೆ ಕಾಲೇಜುಗಳಿಗೆ ಪೊಲೀಸರು ಬರುತ್ತಾರೆ. ಆ ದಿನವನ್ನು ಮಾದಕ ವಸ್ತು ವಿರೋಧಿ ದಿನವೆಂದು ವಿಶ್ವಸಂಸ್ಥೆ 1987ರಲ್ಲಿ ಗೊತ್ತುಮಾಡಿತು. ಜಾಥಾ, ಘೋಷಣೆ, ಬಲಗೈ ಮುಂದೆ ಚಾಚಿ ಪ್ರತಿಜ್ಞೆ, ಕೊನೆಗೊಂದು ಫೋಟೋ. ನಿವೃತ್ತ ಅಧ್ಯಾಪಕಿ ಎಂಬ ಕಾರಣಕ್ಕೆ ಇಂಥ ಕೆಲವು ಸಭೆಗಳ ವೇದಿಕೆಯ ಮೇಲೆ ನಾನೂ ಕುಳಿತಿದ್ದೇನೆ.

ಅಂಥದೊಂದು ಸಭೆಯಲ್ಲಿ ಅಧಿಕಾರಿಯೊಬ್ಬರು ಮಕ್ಕಳನ್ನು ಕೇಳಿದರು: "ನಿಮ್ಮಲ್ಲಿ ಯಾರಾದರೂ ಇದನ್ನೆಲ್ಲ ಮುಟ್ಟಿದ್ದೀರಾ? ಕೈ ಎತ್ತಿ." ಯಾರೂ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಎದುರಿಗೆ ನಿಂತಿರುವುದು ಖಾಕಿ. ಅವರು ಒಳ್ಳೆಯ ಮನುಷ್ಯರೇ, ಕಾಳಜಿಯಿಂದಲೇ ಮಾತಾಡಿದರು. ಜೈಲಿನ ಮಾತು, ಸಾವಿನ ಮಾತು, ಹಾಳಾದ ಹುಡುಗರ ಕಥೆ. ಮಕ್ಕಳು ಚಪ್ಪಾಳೆ ತಟ್ಟಿ ತರಗತಿಗೆ ಹೋದರು.

ನಾನು ಹೊರಡುವಾಗ ಗೇಟಿನ ಬಳಿ ನಮ್ಮ ಸಂಘದ ಸದಸ್ಯೆಯೊಬ್ಬರು ಕೈ ಹಿಡಿದು ನಿಲ್ಲಿಸಿದರು. ಅವರ ಕಿರಿಯ ಮಗ ಆ ಶಾಲೆಯಲ್ಲೇ ಓದುತ್ತಾನೆ. ಮಾತು ಮಾತ್ರ ಹಿರಿಯನದು. ಇಪ್ಪತ್ತೆರಡರ ಹುಡುಗ. ಗಾಂಜಾ ಹಿಡಿದಿದೆ, ದುಡ್ಡು ಕೊಡದಿದ್ದರೆ ತಾಯಿಯ ಮೇಲೆ ಕೈ ಮಾಡುತ್ತಾನೆ. ಸಂಘದ ಸಾಲದ ಕಂತಿಗೆಂದು ಇಟ್ಟದ್ದೂ ಹೋಗಿದೆ. "ಸಾಹೇಬ್ರನ್ನೇ ಕೇಳಣ ಅಂದ್ಕಂಡೆ ಮೇಡಂ. ಆಮೇಲೆ ಮಗನ್ನ ಹಿಡ್ಕಂಡು ಹೋಗ್ಬಿಟ್ರೆ?" ಎಂದರು. ಅಷ್ಟು ದೊಡ್ಡ ಸಭೆಯಲ್ಲಿ ಅದರ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇದ್ದದ್ದು ಅವರಿಗೆ. ಅವರೊಬ್ಬರೇ ಬಾಯಿ ಬಿಡಲಾಗದೆ ಹೋದರು.

ಪೊಲೀಸರು ಪಾಠ ಹೇಳಿದರೆ ಮಕ್ಕಳು ತಿದ್ದಿಕೊಳ್ಳುತ್ತಾರೆಂಬ ನಂಬಿಕೆ ಹೊಸದಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1983ರಲ್ಲಿ ಪೊಲೀಸ್ ಇಲಾಖೆಯೂ ಶಾಲಾ ಆಡಳಿತವೂ ಸೇರಿ 'ಡೇರ್' ಎಂಬ ಕಾರ್ಯಕ್ರಮ ಆರಂಭಿಸಿದವು. ಸಮವಸ್ತ್ರದ ಪೊಲೀಸರೇ ವಾರವಾರ ತರಗತಿಗೆ ಬಂದು ಪಾಠ ಮಾಡುತ್ತಿದ್ದರು. ಅದು ಆ ದೇಶದ ಉದ್ದಗಲಕ್ಕೂ ಹರಡಿತು, ಬೇರೆ ದೇಶಗಳಿಗೂ ಹೋಯಿತು. ಆದರೆ 1990ರ ದಶಕದಲ್ಲಿ ಸಂಶೋಧಕರು ಪಾಠ ಕೇಳಿದ ಮಕ್ಕಳನ್ನೂ ಕೇಳದ ಮಕ್ಕಳನ್ನೂ ಹೋಲಿಸಿ ನೋಡಿದಾಗ, ಮಾದಕ ವಸ್ತು ಬಳಸುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಕೊನೆಗೆ ಆ ಸಂಸ್ಥೆಯೇ ತನ್ನ ಹಳೆಯ ಪಾಠಕ್ರಮ ಬದಲಿಸಬೇಕಾಯಿತು. ಭಾಷಣ ಮಾಡುವುದು, ಹೆದರಿಸುವುದು ಮಕ್ಕಳನ್ನು ತಡೆಯುವುದಿಲ್ಲವೆಂದು ವಿಶ್ವಸಂಸ್ಥೆ 2013ರಲ್ಲಿ ಹೊರತಂದ ಮಾರ್ಗಸೂಚಿಯೂ ಹೇಳುತ್ತದೆ.

ಹಾಗೆಂದು ಪೊಲೀಸರು ಬೇಡವೆಂದು ನಾನು ಹೇಳುತ್ತಿಲ್ಲ. ಅವರಿಂದ ಮಾತ್ರ ಆಗುವ ಕೆಲಸ ಬೇರೆ ಇದೆ. ಮಾಲು ಎಲ್ಲಿಂದ ಬರುತ್ತದೆ, ಯಾರು ಮಾರುತ್ತಾರೆ ಎಂದು ಪತ್ತೆ ಹಚ್ಚುವುದು ಅವರ ಕೆಲಸ. ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರಲ್ಲೇ ಕಾನೂನು ಬಂತು. ಮಕ್ಕಳಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಡುವವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಶಾಲೆಯ ಎದುರಿನ ಅಂಗಡಿಯ ಮುಂದೆಯೇ ಜಾಥಾ ಹಾದುಹೋದರೆ ಮಕ್ಕಳು ಏನು ಕಲಿತಾರು? ದೊಡ್ಡವರ ಮಾತಿಗೂ ನಡತೆಗೂ ಸಂಬಂಧವಿಲ್ಲವೆಂದು ತಾನೆ?

ಇನ್ನೊಂದು ವಿಷಯ. ನಶೆ ಎಂದರೆ ನಗರದ ಶ್ರೀಮಂತರ ಮಕ್ಕಳ ಪಿಡುಗು ಎಂದು ಕೈತೊಳೆದುಕೊಳ್ಳಬೇಡಿ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮೂಸುವ ವಸ್ತುಗಳ ಚಟಕ್ಕೆ ಸಿಕ್ಕಿ ನೆರವು ಬೇಕಾದ ಮಕ್ಕಳೇ ದೇಶದಲ್ಲಿ 4.6 ಲಕ್ಷ. ಪಂಕ್ಚರ್ ಅಂಟು, ವೈಟ್ನರ್, ಥಿನ್ನರ್. ಇವು ಕಳ್ಳಸಾಗಣೆಯ ಮಾಲಲ್ಲ, ಬೀದಿ ಬದಿಯ ಅಂಗಡಿಯಲ್ಲೇ ಸಿಗುತ್ತವೆ. ಇದನ್ನು ಮೊದಲು ಗುರುತಿಸುವವರು ಪೊಲೀಸರಲ್ಲ, ಅಂಗಿ ಒಗೆಯುವ ತಾಯಿ.

ಆ ತಾಯಿಗೆ ಯಾರೂ ಹೇಳದ ಕಾನೂನೊಂದಿದೆ. 1985ರ ಮಾದಕ ವಸ್ತು ಕಾಯ್ದೆಯ 64-ಎ ಕಲಮಿನ ಪ್ರಕಾರ, ಸೇವನೆಗಾಗಿ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡದ್ದಕ್ಕಾಗಿ ಆರೋಪಕ್ಕೊಳಗಾದ ವ್ಯಸನಿ, ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಸಂಸ್ಥೆಯಲ್ಲಿ ತಾನಾಗಿಯೇ ಚಿಕಿತ್ಸೆಗೆ ಸೇರಿ ಅದನ್ನು ಪೂರೈಸಿದರೆ ಅವನ ಮೇಲೆ ಮೊಕದ್ದಮೆ ನಡೆಯಬೇಕಾಗಿಲ್ಲ. ಮಾರುವವನಿಗೆ ಈ ರಿಯಾಯಿತಿ ಇಲ್ಲ. ಅಧಿಕಾರಿಗಳು ವೇದಿಕೆಯ ಮೇಲೆ ಜೈಲಿನ ಬಗ್ಗೆ ಅರ್ಧ ಗಂಟೆ ಹೇಳುವ ಬದಲು ಇದನ್ನು ಐದು ನಿಮಿಷ ಹೇಳಿದ್ದರೆ ಆ ತಾಯಿ ಗೇಟಿನ ಬಳಿ ಅಳುತ್ತಿರಲಿಲ್ಲ.

ಆಕೆ ಆಮೇಲೆ ಹೇಳಿದ್ದನ್ನೂ ನಿಮಗೆ ತಿಳಿಸಬೇಕು. "ಒಂದ್ ಮದ್ವೆ ಮಾಡ್ಬಿಟ್ರೆ ಸರಿಹೋಗ್ತಾನೆ ಅಂತಾರೆ ಮನೆಯೋರು." ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನಾವು ನಗುತ್ತಾ ಹೇಳುತ್ತೇವೆ. ಆದರೆ ಚಟ ಮುಚ್ಚಿಟ್ಟು, ವರದಕ್ಷಿಣೆಯನ್ನೂ ಪಡೆದು ಮನೆಗೆ ತಂದ ಹುಡುಗಿಯ ಗತಿಯೇನು? ತಾಯಿ ತಿನ್ನುತ್ತಿದ್ದ ಪೆಟ್ಟು ಸೊಸೆಯ ಬೆನ್ನಿಗೆ ವರ್ಗಾವಣೆಯಾಗುತ್ತದೆ, ಅಷ್ಟೆ. ತವರಿನಿಂದ ಇನ್ನಷ್ಟು ತಾ ಎಂಬ ಪೀಡನೆಯ ಹಿಂದೆ ಎಷ್ಟೋ ಮನೆಗಳಲ್ಲಿ ಈ ಚಟವೇ ಇರುತ್ತದೆ. ಹೆಂಡತಿ ಎಂದರೆ ಔಷಧಿಯಲ್ಲ. ಈ ಮಾತನ್ನು ಹುಡುಗನ ತಾಯಂದಿರಾದ ನಾವೇ ಮೊದಲು ಒಪ್ಪಬೇಕು. ಇನ್ನು, ಹೊಡೆಯುವವನು ಮಗನೇ ಆದರೂ 2005ರ ಕೌಟುಂಬಿಕ ಹಿಂಸೆ ಕಾಯ್ದೆ ತಾಯಿಗೂ ರಕ್ಷಣೆ ಕೊಡುತ್ತದೆ.

ಹಾಗಾದರೆ ಸಂಘದವರು ಏನು ಮಾಡಬಹುದು? ಮುಂದಿನ ಜೂನ್‌ವರೆಗೆ ಕಾಯಬೇಡಿ. ಮುಖ್ಯೋಪಾಧ್ಯಾಯರ ಬಳಿ ನಾಲ್ಕು ಜನ ಹೋಗಿ. ಪೊಲೀಸರ ಭಾಷಣವಾದ ಮೇಲೆ ಸಮವಸ್ತ್ರವಿಲ್ಲದ ಆಪ್ತ ಸಲಹೆಗಾರರೊಬ್ಬರು ಕುಳಿತು ತಾಯಂದಿರ ಮಾತನ್ನು ಪ್ರತ್ಯೇಕವಾಗಿ ಕೇಳುವಂತೆ ಒತ್ತಾಯಿಸಿ. ಶಾಲೆಯ ಬಳಿ ಮಾರುವ ಅಂಗಡಿಯ ಬಗ್ಗೆ ಸಂಘದ ಹೆಸರಿನಲ್ಲಿ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಒಬ್ಬಳೇ ಹೋದರೆ ಅಂಗಡಿಯವನ ಕಣ್ಣಿಗೆ ಬೀಳುತ್ತಾಳೆ, ಹತ್ತು ಜನ ಹೋದರೆ ಹೆದರುವವನು ಅವನು. ಸಂಘದ ಪುಸ್ತಕದ ಹಿಂಬದಿಯಲ್ಲಿ ಈ ಸಂಖ್ಯೆಗಳನ್ನು ಬರೆದಿಡಿ: ವ್ಯಸನಮುಕ್ತಿಗೆ 14446, ಮಕ್ಕಳಿಗೆ 1098, ಮಹಿಳೆಯರಿಗೆ 181.

ನಮ್ಮ ಆ ಸದಸ್ಯೆಯ ಜೊತೆ ನಾವು ಮೂವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಹೋದೆವು. ಹುಡುಗ ಎರಡು ಸಲ ಬಂದ, ಮೂರನೆಯ ಸಲ ತಪ್ಪಿಸಿಕೊಂಡ. ವೈದ್ಯರು ಬೇಸರಿಸಲಿಲ್ಲ. ಹೀಗೆ ಜಾರುವುದೂ ಈ ಕಾಯಿಲೆಯ ಗುಣ, ಮತ್ತೆ ಕರೆತನ್ನಿ ಎಂದರು. ಮದುವೆಯ ಮಾತು ಸದ್ಯಕ್ಕೆ ನಿಂತಿದೆ. ಬರುವ ವಾರ ಮತ್ತೆ ಹೋಗುತ್ತಿದ್ದೇವೆ.