ಶೇಕಡಾ 70ರ ವ್ಯಾಪಾರ

ಕಳೆದ ತಿಂಗಳು ನಮ್ಮ ಸಂಘದ ಪ್ರತಿಭಾ ಪುರಸ್ಕಾರ ಸಮಾರಂಭ ಮುಗಿದು, ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದಾಗ, ಡೊಂಬಿವಿಲಿಯ ಸದಸ್ಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಕೈಯಲ್ಲಿ ಬಣ್ಣದ ಫೈಲು. ಮಗಳು ಹನ್ನೆರಡನೆಯ ತರಗತಿಯಲ್ಲಿದ್ದಾಳೆ. ಅಮೆರಿಕದ ಹೆಸರಾಂತ ಲಿಬರಲ್ ಆರ್ಟ್ಸ್ ಕಾಲೇಜೊಂದರಲ್ಲಿ ಅವಳಿಗೆ ಸೀಟು ಸಿಗುವ ಚಾನ್ಸ್ ಶೇಕಡಾ 70 ಎಂದು ಕನ್ಸಲ್ಟೆಂಟ್ ಒಬ್ಬರು ಅಚ್ಚು ಹಾಕಿಸಿಯೇ ಕೊಟ್ಟಿದ್ದಾರೆ. "ನೀವೇ ಹೇಳಿ ಸ್ವಾಮಿ, ಊರಿನ ಅಡಕೆ ತೋಟದಲ್ಲಿ ನನ್ನ ಪಾಲು ಮಾರಲೋ, ಬೇಡವೋ?" ಎಂದು ಅವರು ಕೇಳಿದರು. ಉಪ್ಪಿಟ್ಟು ತಟ್ಟೆಯಲ್ಲೇ ಆರಿಹೋಯಿತು.

ಅಂದಿನಿಂದ ನಮಗೆ ಸಮಾಧಾನವಿಲ್ಲ. ಆ ಕಾಲೇಜು ಅರ್ಜಿ ಹಾಕಿದ ನೂರು ಮಂದಿಯಲ್ಲಿ ಹತ್ತು ಮಂದಿಯನ್ನೂ ಸೇರಿಸಿಕೊಳ್ಳುವುದಿಲ್ಲ. ಹಾಗಿರುವಾಗ ಈ 70 ಎಲ್ಲಿಂದ ಬಂತು? ಮಾರ್ಕು, ಸ್ಯಾಟ್ ಪರೀಕ್ಷೆಯ ಅಂಕ, ಭರತನಾಟ್ಯದ ಸರ್ಟಿಫಿಕೇಟು ಇಷ್ಟನ್ನು ಕೂಡಿಸಿ ಗುಣಿಸಿ ಬಂದದ್ದಂತೆ. ಜಾತಕ ಬರೆಯುವವನಾದರೂ ಗ್ರಹಗಳ ಸ್ಥಾನ ನೋಡಿ ಬರೆಯುತ್ತಾನೆ. ಇಲ್ಲಿ ನೋಡಿದ್ದು ಅಪ್ಪನ ಪ್ರಾವಿಡೆಂಟ್ ಫಂಡನ್ನು ಮಾತ್ರ ಎಂದು ನಮ್ಮ ಗುಮಾನಿ.

ಮೊದಲಿಗೆ ಈ ಕಾಲೇಜುಗಳೆಂದರೇನು ಎಂಬುದನ್ನು ಹೇಳಬೇಕು. ನಮ್ಮ ಮನೆಗಳಲ್ಲಿ 'ಆರ್ಟ್ಸ್' ಎಂದೊಡನೆ ಸೈನ್ಸ್ ಸಿಗದವರು ಸೇರುವ ಜಾಗ ಎಂಬ ಭಾವನೆ ಇನ್ನೂ ಹೋಗಿಲ್ಲ. ವಿಲಿಯಮ್ಸ್ (1793), ಆಮ್‌ಹರ್ಸ್ಟ್ (1821), ಸ್ವಾರ್ತ್‌ಮೋರ್ (1864), ಪೊಮೋನಾ (1887) ಮುಂತಾದವು ಇಡೀ ಕಾಲೇಜಿಗೆ 2000ದ ಆಸುಪಾಸಿನಷ್ಟೇ ವಿದ್ಯಾರ್ಥಿಗಳಿರುವ, ಪದವಿ ತರಗತಿಗಳನ್ನೇ ಮುಖ್ಯವಾಗಿಟ್ಟುಕೊಂಡ ಸಂಸ್ಥೆಗಳು. ಗಣಿತ, ಭೌತಶಾಸ್ತ್ರ, ಇತಿಹಾಸ, ಸಂಗೀತ ಎಲ್ಲವೂ ಅಲ್ಲಿ ಒಂದೇ ಸೂರಿನಡಿ. 2020ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಜೆನಿಫರ್ ಡೌಡ್ನಾ ಓದಿದ್ದು ಪೊಮೋನಾದಲ್ಲಿ. ಇಂಟೆಲ್ ಕಂಪನಿ ಕಟ್ಟಿದವರಲ್ಲೊಬ್ಬರಾದ ರಾಬರ್ಟ್ ನಾಯ್ಸ್ ಓದಿದ್ದು, ಮೆಕ್ಕೆಜೋಳದ ಹೊಲಗಳ ನಡುವಿನ ಗ್ರಿನೆಲ್ ಕಾಲೇಜಿನಲ್ಲಿ. ಸ್ವಾರ್ತ್‌ಮೋರ್‌ನಲ್ಲಿ ಎಂಜಿನಿಯರಿಂಗೂ ಇದೆ. ಆದ್ದರಿಂದ ಆ ಹುಡುಗಿಯ ಆಸೆಯ ಬಗ್ಗೆ ನಮ್ಮ ತಕರಾರಿಲ್ಲ. ಆಸೆಗೆ ಬೆಲೆಚೀಟಿ ಅಂಟಿಸಿದವರ ಮೇಲೆ ನಮ್ಮ ತಕರಾರು.

ಈಗ ಲೆಕ್ಕಕ್ಕೆ ಬರೋಣ. ವರ್ಷಕ್ಕೆ 500 ಸೀಟು ಎಂದು ಹಿಡಿಯಿರಿ. 'ಅರ್ಲಿ ಡಿಸಿಷನ್' ಎಂಬ ಒಂದು ಪದ್ಧತಿ ಇದೆ. ನವೆಂಬರಿನಲ್ಲೇ ಅರ್ಜಿ ಹಾಕಿ, ಸೀಟು ಕೊಟ್ಟರೆ ಇದೇ ಕಾಲೇಜಿಗೆ ಬರುತ್ತೇನೆಂದು ಮಾತು ಕೊಡುವುದು. ಅನೇಕ ಕಾಲೇಜುಗಳಲ್ಲಿ ಸುಮಾರು ಅರ್ಧ ಸೀಟುಗಳು ಹೀಗೆಯೇ ಭರ್ತಿಯಾಗುತ್ತವೆ. ವಿಲಿಯಮ್ಸ್, ಆಮ್‌ಹರ್ಸ್ಟ್‌ಗಳಂಥ ಕಡೆ ವಿದ್ಯಾರ್ಥಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಕಾಲೇಜಿನ ತಂಡಗಳಲ್ಲಿ ಆಡುವವರು. ಅವರಲ್ಲಿ ಹಲವರನ್ನು ತರಬೇತುದಾರರು ಮೊದಲೇ ಗುರುತಿಸಿಟ್ಟಿರುತ್ತಾರೆ. ಇನ್ನು ಹೊರದೇಶದವರಿಗೆ ನೂರಕ್ಕೆ ಹತ್ತು ಎಂದಿಟ್ಟುಕೊಂಡರೆ 50 ಸೀಟು. ಅದಕ್ಕೆ ಚೀನಾ, ಕೊರಿಯಾ, ಘಾನಾ, ಬ್ರೆಜಿಲ್ ಎಲ್ಲ ಕಡೆಯ ಜಾಣ ಮಕ್ಕಳು. ಅದರಲ್ಲಿ ಭಾರತಕ್ಕೆಷ್ಟು, ಮುಂಬಯಿಗೆಷ್ಟು? ಕಾಲೇಜಿನವರು ಹೊರಗೆ ಹೇಳುವ ಒಟ್ಟು ಸರಾಸರಿಯೇ ಡೊಂಬಿವಿಲಿಯ ಹುಡುಗಿಗೆ ಅನ್ವಯಿಸುವುದಿಲ್ಲ. ಅದರ ಏಳರಷ್ಟು ಹೇಗೆ ಅನ್ವಯಿಸೀತು?

ಅದಕ್ಕಿಂತ ದೊಡ್ಡ ಅನ್ಯಾಯ ಹಣದ ವಿಷಯದಲ್ಲಿದೆ. ಇಂಥ ಕಾಲೇಜುಗಳಲ್ಲಿ ಫೀಸು, ಊಟ, ವಸತಿ ಎಲ್ಲ ಸೇರಿ ಈಗ ವರ್ಷಕ್ಕೆ ಸುಮಾರು 90,000 ಡಾಲರು. ನಮ್ಮ ರೂಪಾಯಿಯಲ್ಲಿ ಮುಕ್ಕಾಲು ಕೋಟಿಗೂ ಮೇಲೆ. ನಾಲ್ಕು ವರ್ಷಕ್ಕೆ ಎಷ್ಟೆಂದು ಓದುಗರೇ ಗುಣಿಸಿಕೊಳ್ಳಲಿ. ಆಮ್‌ಹರ್ಸ್ಟ್ ಹಲವು ವರ್ಷಗಳಿಂದಲೂ, ಬೌಡನ್ 2022ರಿಂದಲೂ, ಹೊರದೇಶದ ಮಕ್ಕಳ ವಿಷಯದಲ್ಲೂ ಮನೆಯ ಹಣಕಾಸನ್ನು ನೋಡದೆ ಆಯ್ಕೆ ಮಾಡುತ್ತೇವೆನ್ನುತ್ತವೆ. ಹಾಗಾಗಿಯೇ ಜಗತ್ತೆಲ್ಲ ಅಲ್ಲಿ ಸಾಲು ನಿಂತಿದೆ. ವಿಲಿಯಮ್ಸ್, ಸ್ವಾರ್ತ್‌ಮೋರ್, ಪೊಮೋನಾ, ಗ್ರಿನೆಲ್‌ಗಳಲ್ಲಿ ಹಾಗಲ್ಲ. ಹೊರದೇಶದ ಮಗು ಸಹಾಯಧನ ಕೇಳಿದ್ದರೆ, ಆಯ್ಕೆ ಮಾಡುವಾಗ ಅದೂ ಲೆಕ್ಕಕ್ಕೆ ಬರುತ್ತದೆ. ಆದರೆ ಒಮ್ಮೆ ತೆಗೆದುಕೊಂಡರೆ ಕೈಬಿಡುವುದಿಲ್ಲ. ಲೆಕ್ಕ ಹಾಕಿ, ಮನೆಯವರ ಕೈಲಾಗದ ಪಾಲನ್ನು ಪೂರ್ತಿ ತುಂಬುತ್ತಾರೆ. ವಿಲಿಯಮ್ಸ್ 2022ರಿಂದ ಈ ಸಹಾಯದಲ್ಲಿ ಸಾಲವನ್ನೂ ಸೇರಿಸುವುದಿಲ್ಲ, ಪೂರ್ತಿ ಅನುದಾನ. ಅಂದರೆ ನಮ್ಮಂಥ ಸಂಬಳದಾರರ ಮಕ್ಕಳಿಗೆ ಒಳಗೆ ಹೋಗುವುದು ಕಷ್ಟ, ಹೋದರೆ ಬದುಕು ಹಗುರ.

ಫೈಲಿನ ಕೊನೆಯ ಪುಟದಲ್ಲಿ ಆ ಕನ್ಸಲ್ಟೆಂಟ್ ಕೊಟ್ಟ ಸಲಹೆ ಕೇಳಿ. "ಸಹಾಯಧನ ಬೇಡ ಎಂದು ಬರೆಯಿರಿ, ಚಾನ್ಸ್ ಹೆಚ್ಚುತ್ತದೆ. ಮೊದಲ ವರ್ಷ ಹೇಗಾದರೂ ಕಟ್ಟಿ. ಸೇರಿದ ಮೇಲೆ ಕೇಳಿದರಾಯಿತು." ಇದನ್ನು ಓದಿ ನಮಗೆ ನಿಜಕ್ಕೂ ಮೈ ಉರಿಯಿತು. ಸೇರುವಾಗ ಕೇಳದ ಹೊರದೇಶದ ವಿದ್ಯಾರ್ಥಿ ಮುಂದೆ ಕೇಳುವಂತಿಲ್ಲ ಎಂಬುದು ಇಂಥ ಅನೇಕ ಕಾಲೇಜುಗಳ ಲಿಖಿತ ನಿಯಮ. ಎರಡನೆಯ ವರ್ಷ ಆ ಹುಡುಗಿ ಏನು ಮಾಡಬೇಕು? ಅರ್ಧಕ್ಕೆ ಬಿಟ್ಟು ಬರಬೇಕೇ? ತೋಟವಂತೂ ಅಷ್ಟರಲ್ಲಿ ಹೋಗಿರುತ್ತದೆ. ಜೊತೆಗೆ ಅರ್ಲಿ ಡಿಸಿಷನ್ ಬೇರೆ ಹಾಕಿಸಹೊರಟಿದ್ದರು. ಸಹಾಯ ಕೇಳಿದವರಿಗೆ, ಕೊಟ್ಟದ್ದು ಸಾಲದೆಂದಾಗ ಆ ಮಾತಿನಿಂದ ಬಿಡಿಸಿಕೊಳ್ಳುವ ದಾರಿಯಿದೆ. ಬೇಡವೆಂದು ಬರೆದುಕೊಟ್ಟವರು ಯಾವ ಮುಖ ಹೊತ್ತು ಸಾಲದು ಎನ್ನಬೇಕು?

"ಪ್ರಯತ್ನಿಸುವುದರಲ್ಲಿ ತಪ್ಪೇನು?" ಎಂದು ಕೆಲವರು ಕೇಳಬಹುದು. ತಪ್ಪಿಲ್ಲ, ಖಂಡಿತ ಪ್ರಯತ್ನಿಸಲಿ. ನಮ್ಮ ಹಿರಿಯರು ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಪಾಸು ಮಾಡಿದ್ದು ಯಾರ ಶೇಕಡಾವಾರು ಭವಿಷ್ಯ ಕೇಳಿಯೂ ಅಲ್ಲ. ಆದರೆ ಅವರಿಗೆ ತಾವು ಕೊಡಬೇಕಾದ ಬೆಲೆ ಎಷ್ಟೆಂಬುದು ಗೊತ್ತಿತ್ತು. ಈಗ ಅದನ್ನೇ ಮುಚ್ಚಿಡಲಾಗುತ್ತಿದೆ.

ಮುಚ್ಚಿಡುವಂಥ ಗುಟ್ಟೂ ಇದಲ್ಲವೆಂಬುದು ವಿಚಿತ್ರ. ಈ ಕಾಲೇಜುಗಳಲ್ಲಿ ಬಹುಪಾಲು ಪ್ರತಿವರ್ಷ 'ಕಾಮನ್ ಡೇಟಾ ಸೆಟ್' ಎಂಬ ವರದಿಯನ್ನು ಪ್ರಕಟಿಸುತ್ತವೆ. ಕಾಸು ಕೊಡಬೇಕಾಗಿಲ್ಲ. ಅದರ ಸಿ ವಿಭಾಗದಲ್ಲಿ ಎಷ್ಟು ಅರ್ಜಿ ಬಂತು, ಅರ್ಲಿ ಡಿಸಿಷನ್‌ನಲ್ಲಿ ಎಷ್ಟು ಮಂದಿಯನ್ನು ತೆಗೆದುಕೊಂಡರು ಎಂಬ ಅಂಕಿಗಳಿವೆ. ಮಾರ್ಕು, ಪ್ರಬಂಧ, ಶಿಫಾರಸು ಪತ್ರ, ತಂದೆತಾಯಿ ಅಲ್ಲಿಯೇ ಓದಿದ್ದು, ವಿದ್ಯಾರ್ಥಿ ತೋರಿದ ಆಸಕ್ತಿ, ಹೀಗೆ ಒಂದೊಂದರ ಎದುರಿಗೂ 'ಬಹಳ ಮುಖ್ಯ'ದಿಂದ 'ಪರಿಗಣಿಸುವುದಿಲ್ಲ'ದವರೆಗೆ ಗುರುತು ಹಾಕಿರುತ್ತಾರೆ. ಎಚ್ ವಿಭಾಗದಲ್ಲಿ ಹೊರದೇಶದ ಎಷ್ಟು ವಿದ್ಯಾರ್ಥಿಗಳಿಗೆ ಸರಾಸರಿ ಎಷ್ಟು ಡಾಲರು ಸಹಾಯ ಕೊಟ್ಟರೆಂದಿದೆ. ನಮ್ಮ ಮಟ್ಟಿಗೆ ಉಳಿದ ಎಲ್ಲಕ್ಕಿಂತ ಆ ಒಂದು ಸಾಲು ಮುಖ್ಯ. ಬ್ಯಾಂಕಿನ ಪಾಸ್‌ಬುಕ್ ಓದಬಲ್ಲ ಯಾರಾದರೂ ಅದನ್ನು ಓದಬಹುದು.

ಇನ್ನು 'ಫಿಟ್' ಎಂಬ ಮಾತು. ಕನ್ಸಲ್ಟೆಂಟರ ಬಾಯಲ್ಲಿ ಇದು ಚೂಯಿಂಗ್ ಗಮ್ಮಿನಂತಾಗಿದೆ. ಮಗುವಿಗೆ ಕಾಲೇಜು ಹೊಂದುತ್ತದೆಯೇ ಎಂದು ನೋಡುವುದು ಹೆಣ್ಣು ಗಂಡು ನೋಡಿದಷ್ಟೇ ಗಂಭೀರವಾದ ಕೆಲಸ. ಹದಿನೈದು ಮಂದಿಯ ತರಗತಿಯಲ್ಲಿ ಬಾಯಿ ಬಿಟ್ಟು ಮಾತಾಡದೆ ವಿಧಿಯಿಲ್ಲ. ಕೋಚಿಂಗ್ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ನೋಟ್ಸು ಬರೆದುಕೊಂಡೇ ಬೆಳೆದ ಹುಡುಗ ಅಲ್ಲಿ ಅರಳಲೂಬಹುದು, ಮುದುಡಲೂಬಹುದು. ಊರು ಚಿಕ್ಕದು, ಚಳಿ ದೊಡ್ಡದು. ಬೇಕಾದ ವಿಷಯದ ಮೇಲಿನ ತರಗತಿಗಳು ಪ್ರತಿವರ್ಷ ನಡೆಯುತ್ತವೆಯೋ ಇಲ್ಲವೋ ಎಂದು ಪಾಠಪಟ್ಟಿ ತೆರೆದು ನೋಡಬೇಕು. ಇದನ್ನೆಲ್ಲ ಮಗುವನ್ನು ಬಲ್ಲವರು ಹೇಳಬೇಕೇ ಹೊರತು, ಪ್ರಬಂಧವನ್ನೂ ತಾವೇ ಬರೆದುಕೊಡುವವರಲ್ಲ. ಬಾಡಿಗೆಗೆ ಬರೆಸಿದ ಪ್ರಬಂಧ ನೋಡಿ ಕಾಲೇಜಿನವರು ಮೆಚ್ಚಿದರೆ, ಆ ಕಾಲೇಜು ಹೊಂದುವುದು ಬರೆದವನಿಗೆ.

ತಪ್ಪು ಅವರದು ಮಾತ್ರವೆಂದು ಕೈತೊಳೆದುಕೊಳ್ಳಲು ನಾವು ಸಿದ್ಧರಿಲ್ಲ. ಅಂದಿನ ಸಮಾರಂಭದಲ್ಲಿ ಅಮೆರಿಕಕ್ಕೆ ಹೊರಟ ಇಬ್ಬರು ಮಕ್ಕಳ ಹೆಸರಿಗೆ ಎರಡೆರಡು ಸಲ ಚಪ್ಪಾಳೆ ತಟ್ಟಿಸಿದವರು ನಾವೇ. ಮುಲುಂಡಿನ ಕಾಲೇಜಿಗೆ ಸೇರಿದ, ಅವರಷ್ಟೇ ಅಂಕ ಗಳಿಸಿದ ಹುಡುಗನಿಗೆ ಒಂದು ಪೆನ್ನು ಕೊಟ್ಟು ಕಳಿಸಿದೆವು. ಅಪ್ಪಂದಿರು ತೋಟ ಮಾರಲು ಹೊರಡುವುದು ಅಂಥ ಚಪ್ಪಾಳೆ ಕೇಳಿಯೇ. ಮುಂದಿನ ವರ್ಷದಿಂದ ವೇದಿಕೆಯ ಮೇಲೆ ಕಾಲೇಜುಗಳ ಹೆಸರು ಓದಬಾರದೆಂದು ನಾವು ಕಾರ್ಯಕಾರಿ ಸಮಿತಿಗೆ ಪತ್ರ ಬರೆದಿದ್ದೇವೆ. ಉತ್ತರ ಬಂದಿಲ್ಲ.

ಡೊಂಬಿವಿಲಿಯ ಆ ಸದಸ್ಯರು ಮಗಳನ್ನು ಕೂಡಿಸಿಕೊಂಡು ಆರು ಕಾಲೇಜುಗಳ ವರದಿ ತೆಗೆದು ನೋಡಿದ್ದಾರೆ. ಸಹಾಯಧನ ಬೇಕೆಂದು ಇದ್ದುದನ್ನು ಇದ್ದಂತೆ ಬರೆಯುವುದಾಗಿ ತೀರ್ಮಾನಿಸಿದ್ದಾರೆ. ಪಟ್ಟಿಯಲ್ಲಿ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವನ್ನೂ ಸೇರಿಸಿದ್ದಾಳೆ ಹುಡುಗಿ. ಅಲ್ಲಿ ಅಜ್ಜಿಯ ಮನೆ ಹತ್ತಿರವಂತೆ. ಸೀಟು ಸಿಗುತ್ತದೆಯೇ ಎಂದರೆ ನಮಗೆ ಗೊತ್ತಿಲ್ಲ, ಆ ಕನ್ಸಲ್ಟೆಂಟರಿಗೂ ಗೊತ್ತಿಲ್ಲ. ನವೆಂಬರಿನ ಗಡುವು ಬರುವ ಮುನ್ನ ಇಂಥ ವರದಿಗಳನ್ನು ಓದುವುದು ಹೇಗೆಂದು ತೋರಿಸಿಕೊಡಲು, ಬರುವ ಭಾನುವಾರಗಳಂದು ಬೆಳಿಗ್ಗೆ 10 ಗಂಟೆಗೆ ನಾವು ಮೂರು ನಾಲ್ಕು ಮಂದಿ ಸಂಘದ ವಾಚನಾಲಯದಲ್ಲಿ ಕುಳಿತಿರುತ್ತೇವೆ. ಫೀಸಿಲ್ಲ. ಬರುವವರು ಮಕ್ಕಳನ್ನೂ ಕರೆತರಬೇಕು. ಅಪ್ಪ ಅಮ್ಮ ಮಾತ್ರ ಬಂದರೆ ಚಹಾ ಕೊಟ್ಟು ಕಳಿಸುತ್ತೇವೆ.