ಗದ್ದೆಯ ಕಪ್ಪು, ಕೊಡುವವರ ಜವಾಬ್ದಾರಿ

ಸೆವೆನ್ಸ್ ಫುಟ್ಬಾಲ್ ಗೊತ್ತಿಲ್ಲ ಎನ್ನುವ ವ್ಯಾಪಾರಿ ನಮ್ಮ ಕಾಸರಗೋಡು ಕಡೆ ಸಿಗಲಿಕ್ಕಿಲ್ಲ. ಕೊಯ್ಲು ಮುಗಿದು ಗದ್ದೆ ಒಣಗಿದ ಕೂಡಲೇ ಕಮಿಟಿಯವರು ರಸೀದಿ ಪುಸ್ತಕ ಹಿಡಿದು ಅಂಗಡಿ ಮೆಟ್ಟಿಲು ಹತ್ತುತ್ತಾರೆ. ನಾವೂ ಕೊಡುತ್ತೇವೆ. ಗೆದ್ದವರ ಕಪ್ಪಿಗೆ ಚಿನ್ನದಂಗಡಿಯ ಹೆಸರು, ಸೋತವರದ್ದಕ್ಕೆ ಜವುಳಿ ಅಂಗಡಿಯದ್ದು.

ಮಲಬಾರಿಗೆ ಈ ಚೆಂಡು ಬಂದದ್ದು ಬ್ರಿಟಿಷರ ಪಟಾಲಮಿನ ಜೊತೆಗೆ. 1921ರಲ್ಲಿ ಹುಟ್ಟಿದ ಮಲಬಾರ್ ಸ್ಪೆಷಲ್ ಪೊಲೀಸ್ ಪಡೆಯೂ ಫುಟ್ಬಾಲಿಗೆ ಹೆಸರು ಮಾಡಿತು. ಊರಿನ ಹುಡುಗರಿಗೆ ಮೈದಾನ ಎಲ್ಲಿಂದ ಬರಬೇಕು? ಗದ್ದೆಯೇ ಮೈದಾನವಾಯಿತು. ಅದರಲ್ಲಿ ಹನ್ನೊಂದು ಮಂದಿ ಹಿಡಿಸುವುದಿಲ್ಲ, ಏಳಕ್ಕೆ ಇಳಿಸಿದರು. ಲೀಗ್ ಎಂಬುದಿಲ್ಲ; ಸೋತ ತಂಡ ಮನೆಗೆ, ಗೆದ್ದದ್ದು ಮುಂದಿನ ಸುತ್ತಿಗೆ. ಮಂಜೇರಿ, ಅರೀಕೋಡು, ಪೆರಿಂದಲ್ಮಣ್ಣ ಎಂದು ಊರಿಂದೂರಿಗೆ ಕಪ್ಪುಗಳು ಬೆಳೆದವು. ನವೆಂಬರಿನಿಂದ ಮಳೆ ಹಿಡಿಯುವವರೆಗೂ ದೀಪದ ಬೆಳಕಲ್ಲಿ ಆಟ. ಪಂದ್ಯಕ್ಕಿಷ್ಟು ಎಂದು ಕೂಲಿ ಪಡೆದು ಆಡಲು ನೈಜೀರಿಯಾ, ಘಾನಾ, ಐವರಿ ಕೋಸ್ಟಿನಿಂದಲೂ ಆಟಗಾರರು ಬಂದರು. ಟಿಕೆಟ್ಟಿನ ದುಡ್ಡಲ್ಲಿ ರೋಗಿಗಳ ಆರೈಕೆ ಕೇಂದ್ರ ನಡೆಸುವ ಕಮಿಟಿಗಳೂ ಉಂಟು, ಅದನ್ನು ಮರೆಯಬಾರದು.

ತೃಕ್ಕರಿಪುರದಲ್ಲಿ ನಾನೊಮ್ಮೆ ರಾತ್ರಿ ಪಂದ್ಯ ನೋಡಲು ಕೂತಿದ್ದೆ. ಭಾರತ ತಂಡಕ್ಕೆ ಆಡಿದ ಮಹಮ್ಮದ್ ರಫಿಯವರ ಊರು ಅದು. ಗ್ಯಾಲರಿ ಅಂದರೆ ಅಡಿಕೆ ಮರದ ಕಂಬ, ಬಿದಿರು, ಹಗ್ಗ. ಗೋಲು ಬಿದ್ದಾಗ ಜನ ಎದ್ದು ಕುಣಿದರು, ಕೆಳಗಿನ ಕಂಬ ಕಿರ್ರೆಂದಿತು. ಪಕ್ಕದಲ್ಲಿದ್ದ ಅಡಿಕೆ ಬೆಳೆಗಾರರೊಬ್ಬರು, "ಮಾರಾಯ್ರೇ, ಈ ಮರ ನನ್ನ ತೋಟದ್ದಲ್ಲ, ಹಾಗಾಗಿ ಧೈರ್ಯ ಇಲ್ಲ" ಎಂದು ನಗಾಡಿದರು. ನಾನೂ ನಕ್ಕೆ.

2022ರ ಮಾರ್ಚಿನಲ್ಲಿ ಮಲಪ್ಪುರಂ ಜಿಲ್ಲೆಯ ಪೂಙ್ಙೋಡಿನಲ್ಲಿ ಇಂಥದ್ದೇ ಗ್ಯಾಲರಿ ಕುಸಿದು ಬಹಳ ಮಂದಿ ಗಾಯಗೊಂಡರು. ಅದಕ್ಕೂ ಮುಂಚೆ, 2019ರ ಡಿಸೆಂಬರ್ 29ರಂದು, ಪೆರಿಂದಲ್ಮಣ್ಣದ ಪಂದ್ಯದಲ್ಲಿ ಆರ್. ಧನರಾಜನ್ ಆಡುತ್ತಾ ಆಡುತ್ತಾ ಕುಸಿದು ಬಿದ್ದು ತೀರಿಕೊಂಡರು. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಎರಡಕ್ಕೂ ಆಡಿದವರು. ವಯಸ್ಸು 39.

ಭಾರತದ ಫುಟ್ಬಾಲ್ ಫೆಡರೇಷನ್ ಈ ಟೂರ್ನಿಗಳಿಗೆ ಮಾನ್ಯತೆ ಕೊಟ್ಟಿಲ್ಲ. ನೋಂದಾಯಿತ ಆಟಗಾರರು ಅಲ್ಲಿ ಆಡಬಾರದು ಎಂದೇ ಹೇಳುತ್ತಾ ಬಂದಿದೆ. ಆಡಬೇಡಿ ಎಂದ ಮಾತ್ರಕ್ಕೆ ಯಾರು ನಿಲ್ಲಿಸಿದರು? ಆಟವೂ ನಡೆಯಿತು, ಟಿಕೆಟ್ಟೂ ಖರ್ಚಾಯಿತು. ಆದರೆ ವೈದ್ಯರು, ಆಂಬುಲೆನ್ಸ್, ವಿಮೆ ಎಲ್ಲವೂ ಆಯಾ ಊರಿನ ಕಮಿಟಿಯ ಮನಸ್ಸಿಗೆ ಬಿಟ್ಟ ಮಾತಾಯಿತು. ಕಂಬಳಕ್ಕೂ ಕುತ್ತು ಬಂದಿತ್ತಲ್ಲ? ಕರ್ನಾಟಕ 2017ರಲ್ಲಿ ಕಾಯ್ದೆ ತಿದ್ದಿ, ಶರತ್ತು ಹಾಕಿ, ಅದನ್ನು ಉಳಿಸಿಕೊಂಡಿತು. 2023ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಕೋಣಗಳ ಓಟಕ್ಕೆ ಹುಡುಕಿದ ದಾರಿ ಮನುಷ್ಯರ ಓಟಕ್ಕೆ ಸಿಗದೇ?

ಫೆಡರೇಷನ್ ಮನಸ್ಸು ಬದಲಿಸುವ ತನಕ ಕಾಯಬೇಕಾಗಿಲ್ಲ. ದುಡ್ಡು ನಮ್ಮದು, ಗದ್ದೆಯೂ ನಮ್ಮವರದ್ದು. ಈ ಸಲ ರಸೀದಿ ಪುಸ್ತಕ ಬಂದಾಗ ನಾನು ಇಲ್ಲ ಅನ್ನುವುದಿಲ್ಲ. ಆದರೆ ಗ್ಯಾಲರಿಯನ್ನು ಎಂಜಿನಿಯರು ನೋಡಿ ಬರೆದ ಕಾಗದ, ಆಟಗಾರರ ವಿಮೆಯ ಕಾಗದ, ಎರಡನ್ನೂ ಮೇಜಿನ ಮೇಲೆ ಇಡಲು ಕೇಳುತ್ತೇನೆ. ಆಮೇಲೆಯೇ ಕಪ್ಪಿಗೆ ಯಾರ ಹೆಸರು ಎಂಬ ಮಾತು.